ಈರುಳ್ಳಿ ಹೆಚ್ಚುವ ನೀರುಗನ್ನಡಕ

ಮಕ್ತಲ್‌ನ ನಮ್ಮ ಮನೆಯ ಅಡುಗೆಕೋಣೆಯಲ್ಲಿ, ಜರಡಿಗೂ ಸೊಟ್ಟಗಾದ ಒಂದು ಸೌಟಿಗೂ ನಡುವಿನ ಮೊಳೆಗೆ, ಕಡಲಲ್ಲಿ ತಲೆ ಮುಳುಗಿಸಿ ಮೀನು ನೋಡುವವರು ಧರಿಸುವ ಕನ್ನಡಕವೊಂದು ತೂಗುತ್ತಿದೆ. ಕಡಲಾದರೋ ಬಸ್ಸು, ರೈಲು ಎರಡನ್ನೂ ಬದಲಿಸಿದರೂ ಒಂದು ಹಗಲಿಗೆ ಸಿಗದಷ್ಟು ದೂರ. ಮೂಗನ್ನೂ ಮುಚ್ಚುವ ಅದರ ರಬ್ಬರನ್ನು ಮುಖಕ್ಕೊತ್ತಿಕೊಂಡು ನನ್ನ ಹೆಂಡತಿ ಈರುಳ್ಳಿ ಹೆಚ್ಚುತ್ತಾಳೆ. ನೀವು ನಕ್ಕರೆ ನನ್ನ ತಕರಾರಿಲ್ಲ. ಮೊದಮೊದಲು ನಾನೂ ನಕ್ಕವನೇ.

ಅದನ್ನು ಕೊಟ್ಟವನು ಹರಿಗೋಲಿನ ತಾಯಪ್ಪ. ಗೋವಾದ ಕಡಲತೀರದಲ್ಲಿ ಪ್ರವಾಸಿಗರನ್ನು ನೀರಿಗಿಳಿಸಿ ಬಣ್ಣದ ಮೀನು ತೋರಿಸುವ ಕೆಲಸದಲ್ಲಿದ್ದ ಅವನು, ತೆಲಂಗಾಣ ಬೇರೆ ರಾಜ್ಯವಾದ ಹೊಸದರಲ್ಲಿ ಊರಿಗೆ ಮರಳಿದ. ಜುರಾಲಾ ಅಣೆಕಟ್ಟಿನ ಹಿನ್ನೀರು ನೋಡಲು ಹೈದರಾಬಾದಿನಿಂದ ಕಾರುಗಳು ಬರತೊಡಗಿದ್ದ ಕಾಲ ಅದು. ಶಿವರಾತ್ರಿ ಕಳೆದ ಮೇಲೆ ನೀರು ಇಳಿದು ತಿಳಿಯಾದಾಗ, ಎಲ್ಲಿ ಗಾಳ ಹಾಕಬಹುದು, ಎಲ್ಲಿ ನಿಂತು ಮುಖ ಮುಳುಗಿಸಿ ನೋಡಬಹುದು ಎಂದು ದಡದಲ್ಲೊಂದು ಬೋರ್ಡು ನಿಲ್ಲಿಸುವ ಆಸೆ ಅವನಿಗೆ. ತೆಲುಗು, ಕನ್ನಡ ಎರಡರಲ್ಲೂ ಬರೆಯಬಲ್ಲ ಮೇಷ್ಟರೆಂದು ನನ್ನನ್ನು ಹಿಡಿದ. ಕೂಲಿಗೆ ಬದಲು ಕನ್ನಡಕ.

ಆ ನೀರಿನಡಿ ಒಂದು ಊರಿದೆ. ನನ್ನ ಹೆಂಡತಿಯ ತವರು. ತಾಯಪ್ಪನಿಗೆ ಮೀನಿನ ಜಾಗಗಳೆಲ್ಲ ಇಂದಿಗೂ ಮನೆಗಳೇ. ಹಿಟ್ಟಿನ ಗಿರಣಿಯ ಮೇಲೆ ಬಾಳೆಮೀನು, ಗೌಡರ ಕೊಟ್ಟಿಗೆಯ ಮೇಲೆ ಕುಚ್ಚುಮೀನು. ಯಾವ ಮನೆಯ ಮೇಲೆ ಬಲೆ ಬೀಸುವುದಿದ್ದರೂ ಮೊದಲು ಹುಟ್ಟಿನ ಹಿಡಿಯಿಂದ ಹರಿಗೋಲಿನ ಅಂಚಿಗೆ ಮೂರು ಸಲ ಬಡಿದು, "ಒಳಗ ಯಾರರ ಅದೀರೇನ್ರೀ?" ಎಂದು ಕೂಗಿ, ಉತ್ತರಕ್ಕೆ ಎಡೆಗೊಟ್ಟು ಸುಮ್ಮನೆ ಕೂರುವುದು ಅವನ ತಂದೆಯ ಕಾಲದಿಂದ ಬಂದ ರಿವಾಜು. ಯಾರೂ ಓಗೊಡದಿದ್ದರೆ ಬಲೆ ಬೀಳುತ್ತದೆ. ಓಗೊಟ್ಟರೆ ಏನು ಮಾಡುತ್ತೀಯ ಎಂದು ಕೇಳಿದ್ದೆ. "ಹೊಳ್ಳಿ ಹೋಗೋದ್ರಿ ಸರ, ಮತ್ತೇನು," ಎಂದಿದ್ದ, ಬಸ್ಸು ತಪ್ಪಿದರೆ ಮುಂದಿನದು ಹಿಡಿಯುವೆ ಎಂಬ ದನಿಯಲ್ಲಿ.

ನಾನು ಚಿಂತೆಯಲ್ಲಿ ಪಳಗಿದವನು. ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋಗಿ, ಹಿಂದಿರುಗಿ ಬಂದು ಬೀಗ ಎಳೆದು ನೋಡುತ್ತೇನೆ. ಬೋರ್ಡಿಗೂ ಇಪ್ಪತ್ತು ಎಚ್ಚರಿಕೆ ಬರೆದೆ: ಹಾವು, ಗಾಜಿನ ಚೂರು, ಊಟವಾದ ತಕ್ಷಣ ನೀರಿಗಿಳಿಯುವುದು, ನೆಗಡಿ. ಕೊನೆಗೆ, ಎದೆಮಟ್ಟದ ನೀರಿನಲ್ಲಿ ನಿಂತು ನೋಡಲು ಅತ್ಯಂತ ನಿರಪಾಯದ ಜಾಗವೆಂದು ನನ್ನ ಮಾವನ ಮನೆಯ ಪಡಸಾಲೆಯನ್ನೇ ಸೂಚಿಸಿದೆ. ಹೆಂಡತಿಗೆ ಹೇಳಲಿಲ್ಲ. ತವರಿನ ಮಾತೆತ್ತಿದರೆ ಅವಳು ಎದ್ದು ಬೇರೆ ಕೆಲಸ ಹುಡುಕಿಕೊಳ್ಳುತ್ತಾಳೆ; ಅದೂ ನನಗೊಂದು ಚಿಂತೆ.

ಪ್ರವಾಸಿಗರು ಬರುವ ಮುನ್ನಾದಿನ ಮಧ್ಯಾಹ್ನ, ನಾನೇ ಇಳಿದು ನೋಡದೆ ಮಂದಿಯನ್ನು ಇಳಿಸುವುದು ಹೇಗೆಂದು, ಈಜು ಬಾರದ ನಾನು ಪಡಸಾಲೆಯಲ್ಲಿ ನಿಂತೆ. ತಾಯಪ್ಪ ಪಕ್ಕದ ಗಿರಣಿಯ ಕಡೆ ಬಲೆ ಬೀಸಲು ಹೋದ. ಕನ್ನಡಕ ಏರಿಸಿ, ಬಾಯಲ್ಲಿ ಉಸಿರುಕೊಳವೆ ಕಚ್ಚಿ, ಬಗ್ಗಿ ಮುಖ ಮುಳುಗಿಸಿದೆ. ಹಸಿರು ಬೆಳಕಿನಲ್ಲಿ ಬಾಗಿಲಿಲ್ಲದ ಹೊಸ್ತಿಲು. ಗೋಡೆಯ ದೀಪದ ಗೂಡಿನಲ್ಲಿ ಬೆರಳುದ್ದದ ಮೀನೊಂದು ಕದಲದೆ ನಿಂತು ನನ್ನನ್ನೇ ನೋಡುತ್ತಿತ್ತು. ನನ್ನ ಉಸಿರು ಬೇರೆ ಯಾರದೋ ಉಸಿರಿನಂತೆ ಕಿವಿಯಲ್ಲಿ ಏರಿಳಿಯುತ್ತಿತ್ತು. ಆಗ ಕೇಳಿಸಿತು: ಟಕ್, ಟಕ್, ಟಕ್. ನೀರಿನೊಳಗೆ ಸದ್ದಿಗೆ ದಿಕ್ಕಿಲ್ಲ. ಅದು ಹೊಸ್ತಿಲಿನಿಂದಲೇ ಬಂತು.

ತಾಯಪ್ಪನೇ ಅಭ್ಯಾಸಬಲದಿಂದ ಬಡಿದದ್ದೆಂದು ನನಗೆ ಗೊತ್ತಿತ್ತು. ಆದರೆ ಗೆಳೆಯರೇ, ಆ ಸದ್ದನ್ನು ನಾನು ಕೇಳಿದ್ದು ಒಳಗಿನಿಂದ. ಇಷ್ಟು ವರ್ಷ ಅಪ್ಪ, ಮಗ ಯಾರನ್ನು ಕರೆಯುತ್ತಿದ್ದರೋ ಅವರ ಜಾಗದಲ್ಲಿ ನಾನಿದ್ದೆ. ಓಗೊಡೋಣವೆಂದರೆ ಬಾಯಲ್ಲಿ ಕೊಳವೆ. ಬಂದವರಿಗೆ ದಾರಿ ಬಿಡುವ ಮನೆಯವನ ಹಾಗೆ, ಯೋಚಿಸದೆ ಎರಡು ಹೆಜ್ಜೆ ಹಿಂದೆ ಸರಿದೆ. ಮೂರನೆಯ ಹೆಜ್ಜೆಗೆ ನೆಲವಿರಲಿಲ್ಲ.

ಅಂಗಳದ ಬಾವಿ. ಬೇರೊಂದೇ ಋತುವಿನಷ್ಟು ತಣ್ಣಗಿತ್ತು. ಸುತ್ತ ಕಲ್ಲಿನ ವರಸೆಗಳು ಮೇಲೇರುತ್ತಿದ್ದವು. ತಲೆಯ ಮೇಲಿನ ಬೆಳಕು ತಟ್ಟೆಯಾಗಿ, ಬಟ್ಟಲಾಗಿ ಕಿರಿದಾಯಿತು. ಅಷ್ಟರಲ್ಲಿ ಹುಟ್ಟೊಂದು ಇಳಿದು ಬಂತು, ತಬ್ಬಿಕೊಂಡೆ.

"ಏನ್ ಸರ, ಅತ್ತಿಮನ್ಯಾಗ ಉಳ್ಕೊಳ್ಳೋ ವಿಚಾರೇನ್ರಿ?" ನನ್ನನ್ನು ಎಳೆದುಹಾಕಿದ ತಾಯಪ್ಪ ಮೊದಲು ಕುಚೋದ್ಯ ಮಾಡಿದ, ಆಮೇಲೆ ಅವನ ಮುಖ ಇಳಿಯಿತು. "ನಾಳಿ ಎಂಟು ಮಂದಿ ಬರಾಕತ್ತಾರ. ಇಲ್ಲೇ ನಿಂದರ್ರಿ ಅಂತ ಬರದೀರಲ್ರೀ ನೀವು."

ದಡಕ್ಕೆ ಬಂದವನೇ, ಒದ್ದೆ ಬಟ್ಟೆಯಲ್ಲೇ ಆ ಸಾಲಿನ ಮೇಲೆ ಬಣ್ಣ ಬಳಿದು, "ಇಲ್ಲಿ ಬಾವಿ ಇದೆ, ಇಳಿಯಬಾರದು" ಎಂದು ಎರಡು ಭಾಷೆಗಳಲ್ಲಿ ಬರೆದೆ. ತೋಳಿನಿಂದ ತೊಟ್ಟಿಕ್ಕಿದ ನೀರಿಗೆ ಹಸಿಬಣ್ಣ ಕದಡಿದ್ದರಿಂದ ಅಕ್ಷರಗಳು ಇಂದಿಗೂ ನೀರಿನೊಳಗೆ ಕಂಡಂತೆ ಕಾಣುತ್ತವೆ.

ಮನೆಯಲ್ಲಿ ಎಲ್ಲವನ್ನೂ ಒಪ್ಪಿಸಿದೆ. ಹೆಂಡತಿ ಹಿತ್ತಿಲ ಕಡೆ ಕೈ ತೋರಿಸಿದಳು. "ನಿಮ್ಮ ಬನೀನು ದಿನಾ ಒಗಿಯೋ ಕಲ್ಲು ಎಲ್ಲೀದು ಅಂತ ಮಾಡೀರಿ? ಆ ಬಾವಿ ಕಟ್ಟೀದು. ಊರು ಬಿಡೂ ಮುಂದ ನಮ್ಮಪ್ಪ ಕಿತ್ಕೊಂಡ್ ಬಂದಿದ್ದ. ಗ್ಯಾಸ್ ಬಂದ್ ಮಾಡೀಯೇನು ಅಂತ ದಿನಕ್ಕ ಹತ್ತು ಸಲ ಕೇಳ್ತೀರಿ. ಇದೊಂದು ಕೇಳಲಿಲ್ಲ."

ಹೊರಡುವವರು ಬಾಗಿಲು, ತೊಲೆ, ಬಾವಿಯ ಕಟ್ಟೆಯನ್ನೂ ಹೊತ್ತು ತರಬಲ್ಲರು. ತೂತನ್ನು ಮಾತ್ರ ಅಲ್ಲೇ ಬಿಟ್ಟು ಬರಬೇಕು.

"ಆತ ಬಡದಾಗ ಏನಂದ್ರಿ?" ಎಂದಳು.

"ಬಾಯಾಗ ಕೊಳವಿ ಇತ್ತು."

"ಅಂದ್ರ ಯಾರೂ ಇಲ್ಲಂತ ತಿಳಕೊಂಡಿರ್ತಾನ." ನನ್ನ ಕೈಯಲ್ಲಿದ್ದ ಕನ್ನಡಕ ತೆಗೆದುಕೊಂಡು, ಸೆರಗಿನಿಂದ ಒರೆಸುತ್ತ ಅವಳು ಒಳಗೆ ಹೋದಳು.

ಬಟ್ಟೆ ಬದಲಿಸಿ ಬಂದು ಅಡುಗೆಕೋಣೆಗೆ ಇಣುಕಿದೆ. ಇಳಿಗೆಮಣೆಯ ಮುಂದೆ ಕುಳಿತಿದ್ದಳು. ಈರುಳ್ಳಿ ಇನ್ನೂ ಸಿಪ್ಪೆ ಸುಲಿಯದೆ ಬುಟ್ಟಿಯಲ್ಲೇ ಇತ್ತು. ಮುಖಕ್ಕೊತ್ತಿಕೊಂಡಿದ್ದ ಕನ್ನಡಕದ ಗಾಜಿನ ಒಳಬದಿಯಲ್ಲಿ, ತಳದಿಂದ ಬೆರಳಗಲ ನೀರು ನಿಂತಿತ್ತು.

ಒಳಗೆ ಕಾಲಿಡಲು ಧೈರ್ಯವಾಗಲಿಲ್ಲ. ಹೊಸ್ತಿಲಾಚೆ ನಿಂತು ಬಾಗಿಲ ಚೌಕಟ್ಟಿಗೆ ಮೂರು ಸಲ ಬಡಿದೆ. "ಒಳಗ ಯಾರರ ಅದೀರೇನ್ರೀ?"

ಉತ್ತರಕ್ಕೆ ಎಡೆಗೊಟ್ಟು ಸುಮ್ಮನೆ ನಿಂತೆ. ಅದು ಬರುವುದಕ್ಕೆ ಬಹಳ ಹೊತ್ತು ಹಿಡಿಯಿತು. ನೀರಿನಡಿಯಿಂದ ಬಂದಂತೆ ಬಂತು.

"ಅದೀನಿ."