ಟ್ಯಾಂಕರಿನೊಳಗೆ ಬಿಟ್ಟ ಆಕ್ಸಿಜನ್

ಕೊರೊನಾ ಮುಗಿದ ಮರುವರ್ಷ ನಾನು ಇಳಕಲ್‌ನ ಒಂದು ಗ್ರಾನೈಟ್ ಪಾಲಿಶಿಂಗ್ ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್ ಆಗಿದ್ದೆ. ಯಾರಿಗೂ ಕಂಡರಾಗದ ಹುದ್ದೆ ಅದು. ಕಾರ್ಖಾನೆಯ ನೀರಿನ ಟ್ಯಾಂಕರ್ ಸೋರುತ್ತಿತ್ತೆಂದು ಹುನಗುಂದ ರಸ್ತೆಯ ಬಸಪ್ಪನ ವೆಲ್ಡಿಂಗ್ ಅಂಗಡಿಗೆ ಕಳಿಸಿದ್ದೆವು.

ಬಸಪ್ಪ ಟ್ಯಾಂಕರಿಗೆ ಒಳಗಿನಿಂದ ಜಿಐ ತಗಡಿನ ತೇಪೆ ಹಾಕಿಸುತ್ತಿದ್ದ. ಜಿಐ ಎಂದರೆ ಸತುವಿನ ಲೇಪವಿರುವ ತಗಡು. ವೆಲ್ಡ್ ಮಾಡಿದರೆ ಬಿಳಿ ಹೊಗೆ ಏಳುತ್ತದೆ. ಅದನ್ನು ಕುಡಿದವನಿಗೆ ಸಂಜೆಗೆ ಚಳಿಜ್ವರ. ಒಳಗೆ ಕೂತು ಕೆಲಸ ಮಾಡುವ ಖಾಜಾನಿಗೆ ಅದೇ ಆಗಿತ್ತು. ಸತುವನ್ನು ಉಜ್ಜಿ ತೆಗೆಸಿ, ಬ್ಲೋವರ್ ಇಟ್ಟು ಹೊಗೆ ಹೊರಗೆಳೆಯಿರಿ, ಮಾಸ್ಕ್ ಕೊಡಿ ಎಂದೆ.

“ದಿನಾ ಹಾಲು-ಬೆಲ್ಲ ಕೊಡ್ತೇನಲ್ರಿ, ಮತ್ತೇನ್ ಬೇಕು?” ಎಂದ ಬಸಪ್ಪ.

ಹಾಲು ಹೋಗುವುದು ಹೊಟ್ಟೆಗೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಇದನ್ನು ಎಷ್ಟು ಅಂಗಡಿಗಳಲ್ಲಿ ಹೇಳಿ ಗಂಟಲು ಹರಿದುಕೊಂಡಿದ್ದೇನೋ! ಕೊನೆಗೆ ಗದರಿದೆ: “ಅವಂಗ ಗಾಳಿ ವ್ಯವಸ್ಥಾ ಮಾಡ್ಲಿಲ್ಲಂದ್ರ ಟ್ಯಾಂಕರ್ ವಾಪಸ್ ಒಯ್ತೇನಿ.”

ಮರುದಿನ ಹೋದಾಗ ವ್ಯವಸ್ಥೆ ಆಗಿತ್ತು. ಗ್ಯಾಸ್ ಕಟಿಂಗಿಗೆಂದು ಇಟ್ಟಿದ್ದ ಆಕ್ಸಿಜನ್ ಸಿಲಿಂಡರಿನಿಂದ ಪೈಪೊಂದು ಟ್ಯಾಂಕರಿನ ಬಾಯೊಳಗೆ ಇಳಿದು ಬುಸುಗುಡುತ್ತಿತ್ತು. ಒಳಗೆ ಖಾಜಾ ವೆಲ್ಡಿಂಗ್ ಹೋಲ್ಡರಿಗೆ ರಾಡ್ ಸಿಕ್ಕಿಸುತ್ತಿದ್ದ. ಆಕ್ಸಿಜನ್ ತಾನು ಉರಿಯುವುದಿಲ್ಲ. ಆದರೆ ಅದು ತುಂಬಿದ ಕಡೆ ಬಟ್ಟೆ, ಕೂದಲು, ಗ್ರೀಸ್ ಒಂದೇ ಕಿಡಿಗೆ ಭಗ್ಗೆನ್ನುತ್ತವೆ.

ಮೇನ್ ಸ್ವಿಚ್ ಆರಿಸಿ, ವಾಲ್ವ್ ಬಂದ್ ಮಾಡಿ, “ಹೊರಗ ಬಾರಲೇ!” ಎಂದು ಕೂಗಿದೆ.

ಬಸಪ್ಪ ನನ್ನ ಮೈಮೇಲೇ ಬಂದ. “ಕೊರೊನಾದಾಗ ಇದ ಆಕ್ಸಿಜನ್ ಸಿಗಲಾರದ ನಮ್ಮ ಅಣ್ಣ ಸತ್ತಾನ್ರಿ. ನೀವು ಬಂದ್ ಮಾಡ್ತೀರಿ?” ಅವನ ಸಂಕಟ ನನಗೆ ತಿಳಿಯಲಿಲ್ಲವೆಂದಲ್ಲ. ಆದರೆ ಆಗ ಕನಿಕರಕ್ಕೆ ಪುರುಸೊತ್ತಿರಲಿಲ್ಲ.

ಖಾಜಾನೂ ಸಿಟ್ಟಿನಲ್ಲೇ ಹೊರಬಂದ. “ಇವತ್ತರೆ ಉಸಿರು ಹಗುರಾಗಿತ್ತು, ಅದಕ್ಕೂ ಕಲ್ಲು ಹಾಕಿದ್ರಿ” ಎನ್ನುತ್ತ ಬೀಡಿ ಬಾಯಿಗಿಟ್ಟು ಕಡ್ಡಿಪೆಟ್ಟಿಗೆ ತೆಗೆದ. ಆಕ್ಸಿಜನ್ ಅಂಗಿಯ ಎಳೆಗಳಲ್ಲಿ ಸ್ವಲ್ಪ ಹೊತ್ತು ಹಾಗೇ ಉಳಿದಿರುತ್ತದೆ. ವಿವರಿಸುತ್ತ ನಿಂತಿದ್ದರೆ ಅವನು ಕಡ್ಡಿ ಗೀರುತ್ತಿದ್ದ. ಕೆನ್ನೆಗೆ ಬಾರಿಸಿದೆ. ಬೀಡಿ, ಕಡ್ಡಿಪೆಟ್ಟಿಗೆ ಎರಡೂ ಹಾರಿಬಿದ್ದವು.

ಅಂಗಡಿಯವರೆಲ್ಲ ಸೇರಿ ನನ್ನ ಕೊರಳಪಟ್ಟಿ ಹಿಡಿದರು. ಕೊಸರಿಕೊಂಡು, ಟ್ಯಾಂಕರಿನೊಳಗೆ ಬಿದ್ದಿದ್ದ ಖಾಜಾನ ಟವೆಲ್ಲನ್ನು ಉದ್ದ ಸರಳಿನಿಂದ ಎತ್ತಿದೆ. ದೂರದ ಬಯಲಿನಲ್ಲಿ ಉರಿಯುತ್ತಿದ್ದ ಕಸದ ಬೆಂಕಿಯ ಬಳಿಗೆ ಓಡಿ ಟವೆಲ್ಲಿನ ತುದಿ ತಾಕಿಸಿದೆ. ಕಣ್ಣು ಮಿಟುಕಿಸುವುದರೊಳಗೆ ಭಗ್ಗೆಂದು ಹೋಯಿತು. ಕೈಯಲ್ಲಿ ಸರಳಷ್ಟೇ ಉಳಿಯಿತು.

ಖಾಜಾ ಅಂಗಿ ಬಿಚ್ಚಿದ. ಬಸಪ್ಪ ಮಾತ್ರ ಸೋಲಲಿಲ್ಲ. “ನಿಮ್ಮ ಟ್ಯಾಂಕರ್ ತಗೊಂಡು ಹೋಗ್ರಿ. ಮತ್ತ ನಮ್ಮ ಅಂಗಡಿ ಕಡೆ ಬರಬ್ಯಾಡ್ರಿ” ಎಂದ.

ಒಳ್ಳೆಯವನೆನಿಸಿಕೊಳ್ಳುವ ಆಸೆಯಿದ್ದವನು ಸೇಫ್ಟಿ ಆಫೀಸರ್ ಆಗಬಾರದು. ಆ ಹುದ್ದೆ ನನಗೆ ಕಲಿಸಿದ್ದು ಇಷ್ಟೇ. ಇಂದಿಗೂ ಇಳಕಲ್ ಬಸ್ ನಿಲ್ದಾಣದಲ್ಲಿ ನನ್ನನ್ನು ಕಂಡರೆ ಖಾಜಾ ಮುಖ ತಿರುಗಿಸುತ್ತಾನೆ. ತಿರುಗಿಸಲಿ. ಸುಟ್ಟುಹೋಗದೆ ಉಳಿದ ಮುಖ ಅದು.