ಓದಲು ಬಾರದವಳ ಕೈಗೆ ಪುಸ್ತಕ ಕೊಟ್ಟವರು

ಅವರ ಮುಂದಿನ ಎರಡು ಹಲ್ಲುಗಳ ನಡುವೆ ಬಳಪದ ಕಡ್ಡಿ ತೂರುವಷ್ಟು ಸಂದಿಯಿತ್ತು. ‘ಸ’ ಅಕ್ಷರ ಬಂದಾಗಲೆಲ್ಲ ಅಲ್ಲಿಂದ ಸಣ್ಣ ಶಿಳ್ಳೆಯೊಂದು ಹೊರಡುತ್ತಿತ್ತು. ಮಕ್ಕಳು ನಕ್ಕರೆ ಅವರಿಗೆ ಬೇಸರವಿರಲಿಲ್ಲ. “ಇನ್ನೊಂದ್ಸಲ ಬೇಕಾ?” ಎಂದು ಕೇಳಿ, “ಸೋಮವಾರ ಸಂಜೆ ಸಂತೇಲಿ ಸಾಸಿವೆ” ಎಂದು ಉದ್ದಕ್ಕೆ ಎಳೆದು, ನಗು ಮುಗಿಯುವವರೆಗೆ ಕಾದು, ಆಮೇಲೆ ಕಥೆ ಶುರುಮಾಡುತ್ತಿದ್ದರು.

ನಾವು ಅವರನ್ನು ಕಥೆ ಸಾರ್ ಎನ್ನುತ್ತಿದ್ದೆವು. ಯಾವುದೋ ಕಾರ್ಖಾನೆಯಿಂದ ನಿವೃತ್ತರಾಗಿ ಹನುಮಂತನಗರದಲ್ಲಿ ಮನೆ ಮಾಡಿಕೊಂಡಿದ್ದರು. ಮಕ್ಕಳಿಗಾಗಿ ತೆಳ್ಳನೆಯ ಪುಸ್ತಕಗಳನ್ನು ಬರೆದಿದ್ದರು. ಅವನ್ನು ತರಕಾರಿ ತರುವ ವೈರ್ ಬುಟ್ಟಿಯಲ್ಲಿ ಜೋಡಿಸಿಕೊಂಡು, ಬಸ್ಸು ಬದಲಿಸಿ, ಕರೆದ ಶಾಲೆಗೂ ಕರೆಯದ ಶಾಲೆಗೂ ಹೋಗುತ್ತಿದ್ದರು. ಬಿ.ಟಿ.ಎಂ. ಲೇಔಟಿನ ನಮ್ಮ ಸರ್ಕಾರಿ ಶಾಲೆ ಕರೆಯದವುಗಳಲ್ಲಿ ಒಂದು. ಕುರ್ಚಿ ಹಾಕಿದರೆ ಅದರ ಮೇಲೆ ಬುಟ್ಟಿ ಇಟ್ಟು, ತಾವು ಮಕ್ಕಳ ಬೆಂಚಿನ ತುದಿಯಲ್ಲಿ ಕೂರುತ್ತಿದ್ದರು. ಮೊದಲ ಸಲ ಬಂದಾಗ, ಕಥೆ ಮುಗಿದ ಕೂಡಲೇ ನಮ್ಮ ಕ್ಲಾಸ್ ಮೇಡಂ ಎದ್ದು, “ಈ ಕಥೆಯ ನೀತಿ ಏನು ಮಕ್ಕಳೇ?” ಎಂದು ಕೇಳಿದ್ದಕ್ಕೆ ಅವರು ಕೈಮುಗಿದು, “ಬೇಡಿ ಮೇಡಂ, ಈಗ ತಾನೇ ನುಂಗಿದಾರೆ. ನೀತಿ ಕೇಳಿದ್ರೆ ಉಗುಳಿಬಿಡ್ತಾರೆ” ಎಂದಿದ್ದರು.

ಆಗ ನಾನು ಆರನೇ ಕ್ಲಾಸು. ಗದಗದ ಕಡೆಯ ಹಳ್ಳಿಯಿಂದ ನಾವು ಬಂದು ಒಂದು ವರ್ಷವೂ ಆಗಿರಲಿಲ್ಲ. ಅಪ್ಪ ಜಯನಗರದ ಆಫೀಸೊಂದರಲ್ಲಿ ಅಟೆಂಡರ್. ನಾನು ಬಾಯಿ ತೆರೆದರೆ ಕ್ಲಾಸೆಲ್ಲ “ಹೌದ್ರೀ, ಯಾಕ್ರೀ” ಎಂದು ಅಣಕಿಸುತ್ತಿತ್ತು. ಅದರಿಂದ ಬಾಯಿ ತೆರೆಯುವುದನ್ನೇ ಬಿಟ್ಟಿದ್ದೆ. ಆದರೆ ಅದಕ್ಕಿಂತ ದೊಡ್ಡ ನಾಚಿಕೆಯೊಂದನ್ನು ಒಳಗೆ ಬಚ್ಚಿಟ್ಟುಕೊಂಡಿದ್ದೆ. ನನಗೆ ಓದಲು ಬರುತ್ತಿರಲಿಲ್ಲ. ಊರಿನಲ್ಲಿ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದಿದ್ದೆ, ಹೆಸರು ಮಾತ್ರ ಶಾಲೆಯಲ್ಲಿ ಮುಂದಿನ ಕ್ಲಾಸಿಗೆ ಹೋಗುತ್ತಿತ್ತು. ಇಲ್ಲಿ ಬೋರ್ಡಿನ ಮೇಲಿದ್ದುದನ್ನು ರಂಗೋಲಿ ಬಿಡಿಸಿದ ಹಾಗೆ ಬಿಡಿಸುತ್ತಿದ್ದೆ. ಪದ್ಯಗಳನ್ನು ಬೇರೆಯವರ ಬಾಯಿಂದ ಕೇಳಿ ಕಲಿತುಬಿಡುತ್ತಿದ್ದೆ. ನನ್ನ ಅಕ್ಷರ ದುಂಡಗೆ ಇದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಅವರು ಎರಡನೇ ಸಲ ಬಂದಾಗ ಬುಟ್ಟಿಯಿಂದ ಒಂದು ಪುಸ್ತಕ ತೆಗೆದು, “ಇವತ್ತು ನನ್ನ ಗಂಟ್ಲು ಕೆಟ್ಟಿದೆ. ನೀವೇ ಯಾರಾದ್ರೂ ಓದ್ಬೇಕು” ಎಂದರು. ಎಲ್ಲರೂ ಕೈ ಎತ್ತಿದರು. ನಾನು ತಲೆ ತಗ್ಗಿಸಿದೆ. ತಲೆ ತಗ್ಗಿಸಿದವಳನ್ನೇ ಅವರು ಕರೆದರು.

ಮುಂದೆ ಹೋಗಿ ನಿಂತೆ. ಪುಟದ ಮೇಲೆ ಒಂದು ಆಡು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಿತ್ತು. ಕೆಳಗೆ ಇರುವೆ ಸಾಲಿನಂತೆ ಅಕ್ಷರಗಳು. ಹಿಂದಿನ ಬೆಂಚಿನಿಂದ ಯಾರೋ “ಶುರು ಮಾಡ್ರೀ” ಎಂದರು. ಕ್ಲಾಸು ನಕ್ಕಿತು. ನನ್ನ ಕಿವಿ ಸುಡತೊಡಗಿತು. ಏನು ಮಾಡುತ್ತಿದ್ದೇನೆ ಎಂದು ತಿಳಿಯುವ ಮೊದಲೇ ನಾನು ಪುಟದ ಮೇಲೆ ಬೆರಳಿಟ್ಟು ‘ಓದ’ತೊಡಗಿದ್ದೆ.

“ಒಂದ್ ಊರಾಗ ಒಂದ್ ಆಡು ಇತ್ತು. ಅದು ತಪ್ಪಿ ಬೆಂಗಳೂರಿಗೆ ಬಂದಿತ್ತು. ಬಸ್ಸಿನ ಬೋರ್ಡ್ ಓದಾಕ ಅದಕ್ಕ ಬರ್ತಿರಲಿಲ್ಲ. ಕಂಡ ಕಂಡವರನ್ನ, ಈ ಬಸ್ ನಮ್ಮೂರಿಗೆ ಹೊಕ್ಕೈತೇನ್ರಿ ಅಂತ ಕೇಳ್ತಿತ್ತು...”

ನಾನು ಕಥೆಯೊಳಗೆ ಎಷ್ಟು ಮುಳುಗಿದ್ದೆನೆಂದರೆ ಪುಟ ತಿರುಗಿಸುವುದೇ ಮರೆತುಹೋಯಿತು. ಪಕ್ಕದಿಂದ ಅವರ ಕೈ ಬಂದು ಮೆಲ್ಲಗೆ ಪುಟ ತಿರುಗಿಸಿತು. ಆಗ ನೆನಪಾಯಿತು. ಆ ಪುಸ್ತಕ ಬರೆದವರು ಪಕ್ಕದಲ್ಲೇ ಕೂತಿದ್ದರು! ಅವರ ಆಡು ಕಂಡಕ್ಟರನ ಟಿಕೆಟುಗಳನ್ನೆಲ್ಲ ತಿಂದುಹಾಕುವ ತುಂಟ ಆಡು ಎಂಬುದು ನನಗೆ ತಿಳಿದದ್ದು ಓದಲು ಕಲಿತ ಮೇಲೆ. ಓದು ನಿಲ್ಲಿಸಿದರೆ ಸಿಕ್ಕಿಬೀಳುತ್ತೇನೆ, ಮುಂದುವರಿದರೂ ಸಿಕ್ಕಿಬಿದ್ದೇ ಇದ್ದೇನೆ. ಬೆವರುತ್ತ ಹೇಗೋ ಆಡನ್ನು ಒಂದು ಮನೆ ಮುಟ್ಟಿಸಿ ಪುಸ್ತಕ ಮುಚ್ಚಿದೆ.

ಕ್ಲಾಸಿನಲ್ಲಿ ಯಾರೂ ನಗುತ್ತಿರಲಿಲ್ಲ. ಅವರು ಪುಸ್ತಕ ಇಸಿದುಕೊಂಡು, “ಇಷ್ಟು ಚೆನ್ನಾಗಿ ಇದನ್ನ ಯಾರೂ ಓದಿರಲಿಲ್ಲ” ಎಂದರು. ಅಷ್ಟೇ.

ಮೇಡಂಗೆ ಹಿಗ್ಗೋ ಹಿಗ್ಗು. “ನೋಡಿದ್ರಾ, ಮೂಲೇಲಿ ಕೂರೋ ಹುಡುಗಿ! ವಾರ್ಷಿಕೋತ್ಸವಕ್ಕೆ ನೀನೇ ಓದ್ಬೇಕು, ಇದೇ ಪುಸ್ತಕ” ಎಂದುಬಿಟ್ಟರು. ಆ ದಿನದಿಂದ ನನಗೆ ಅನ್ನ ಸೇರಲಿಲ್ಲ. ಮತ್ತೆ ಅವರು ಬಂದ ದಿನ ಶಾಲೆಯ ನೀರಿನ ತೊಟ್ಟಿಯ ಹಿಂದೆ ಹೋಗಿ ಕೂತೆ. ಕಥೆ ಮುಗಿಸಿ ಅವರೇ ಅಲ್ಲಿಗೆ ಬಂದರು.

“ನಂಗ ಓದಾಕ ಬರಂಗಿಲ್ರೀ” ಎಂದೆ. ಅಳು ಒತ್ತರಿಸಿತು.

“ಗೊತ್ತು.”

“ಮತ್ಯಾಕ ಸುಮ್ನಿದ್ರಿ?”

“ನೀನು ನಿಲ್ಲಿಸಿದ್ರೆ ಹೇಳ್ಕೊಡ್ತಿದ್ದೆ. ನಿಲ್ಲಿಸ್ಲೇ ಇಲ್ವಲ್ಲ. ನನಗೂ ಆ ಆಡು ಏನಾಯ್ತು ಅಂತ ಕೇಳ್ಬೇಕಿತ್ತು.”

“ಮೇಡಂಗ ಹೇಳಬ್ಯಾಡ್ರಿ.”

“ಯಾರಿಗೂ ಹೇಳಲ್ಲ” ಎಂದರು. ಆ ಮಾತನ್ನು ಅವರು ಎಷ್ಟು ನಿಷ್ಠೆಯಿಂದ ಉಳಿಸಿಕೊಂಡರೆಂಬುದು ನನಗೆ ಗೊತ್ತಾಗಲು ವರ್ಷಗಳೇ ಬೇಕಾದವು.

ಓದಿನ ಪ್ರಾಕ್ಟೀಸು ಎಂದು ಮೇಡಂಗೆ ಹೇಳಿ ಅವರು ಶನಿವಾರ ಶಾಲೆ ಬಿಟ್ಟ ಮೇಲೆ ಬರತೊಡಗಿದರು. ವರಾಂಡದ ನೆಲದ ಮೇಲೆ ಸೀಮೆಸುಣ್ಣದಿಂದ, ನಾನು ಕಟ್ಟಿ ಹೇಳಿದ್ದ ಮಾತುಗಳನ್ನೇ ಬರೆಯುತ್ತಿದ್ದರು. “ನಿನ್ ಮಾತೇ ಇದು. ಇದ್ರಲ್ಲಿ ಆಡು ಎಲ್ಲಿದೆ ತೋರ್ಸು.” ನನ್ನ ಬಾಯಿಂದ ಬಂದದ್ದು ನೆಲದ ಮೇಲೆ ಬಿದ್ದಿರುವುದನ್ನು ನೋಡಿ ಬೆರಗಾಗುತ್ತಿತ್ತು. ‘ಹೊಕ್ಕೈತೇನ್ರಿ’ ಎಂಬುದನ್ನೂ ಹಾಗೆಯೇ ಬರೆದರು, ತಿದ್ದಲಿಲ್ಲ. ತಪ್ಪು ಓದಿದರೆ ಬಯ್ಯುತ್ತಿರಲಿಲ್ಲ, ಆದರೆ ಬಿಡುತ್ತಲೂ ಇರಲಿಲ್ಲ. ಒತ್ತಕ್ಷರದ ಮುಂದೆ ಇಬ್ಬರೂ ಬಹಳ ಹೊತ್ತು ಕೂತಿರುತ್ತಿದ್ದೆವು. ಅಲ್ಲಿಂದ ನಿಧಾನವಾಗಿ ಅವರ ಪುಸ್ತಕದ ಕಡೆಗೆ ಕರೆದೊಯ್ದರು.

ವಾರ್ಷಿಕೋತ್ಸವದ ದಿನ ಅಪ್ಪ ರಜೆ ಹಾಕಿ ಬಂದಿದ್ದರು. ನಾನು ಮೈಕಿನ ಮುಂದೆ ನಿಂತು ಓದಿದೆ. ಈ ಸಲ ನಿಜವಾಗಿ ಓದಿದೆ. ಅಕ್ಷರ ಅಕ್ಷರ ಕೂಡಿಸಿ, ತಡವರಿಸಿ, ಒಂದೇ ಪದಕ್ಕೆ ಮತ್ತೆ ಮತ್ತೆ ಡಿಕ್ಕಿ ಹೊಡೆದು. ಜನ ಮಾತಾಡತೊಡಗಿದರು. ಮುಖ್ಯ ಅತಿಥಿಗಳು ಗಡಿಯಾರ ನೋಡಿಕೊಂಡರು. ಮೇಡಂ ಪಕ್ಕಕ್ಕೆ ಬಂದು, “ಏನಾಗಿದೆ ನಿಂಗೆ? ಆವತ್ತು ಅಷ್ಟು ಚೆನ್ನಾಗಿ ಓದಿದ್ಯಲ್ಲ!” ಎಂದು ಪಿಸುಗುಟ್ಟಿದರು. ಅಪ್ಪ ತಲೆ ತಗ್ಗಿಸಿ ತಮ್ಮ ಚಪ್ಪಲಿ ನೋಡುತ್ತಿದ್ದರು. ಅದಕ್ಕಿಂತ ಹೆಚ್ಚಿನ ಅವಮಾನ ನನಗೆ ಈವರೆಗೆ ಆಗಿಲ್ಲ. ಓದಲು ಬಾರದಾಗ ಸಿಕ್ಕ ಮೆಚ್ಚುಗೆ ಓದಲು ಬಂದಾಗ ಸಿಗಲಿಲ್ಲ. ಹಿಂದಿನ ಸಾಲಿನಲ್ಲಿ ನಿಂತಿದ್ದ ಕಥೆ ಸಾರ್ ಅವರ ತುಟಿಗಳು ಮಾತ್ರ ನನ್ನ ಜೊತೆ ಜೊತೆಗೇ ಅಲುಗುತ್ತಿದ್ದವು. ಅವರು ಅಳುತ್ತಿದ್ದರು. ಅವರಿಗೂ ನನ್ನಿಂದ ಅವಮಾನವಾಯಿತೆಂದೇ ತಿಳಿದು, ಇಳಿದವಳೇ ಓಡಿಹೋದೆ.

ಆ ಬೇಸಿಗೆಯಲ್ಲಿ ನಾವು ತಲಘಟ್ಟಪುರದ ಕಡೆ ಮನೆ ಬದಲಿಸಿದೆವು. ಶಾಲೆ ಬದಲಾಯಿತು. ನಾನು ಓದಿದೆ. ಸಿಕ್ಕಿದ್ದನ್ನೆಲ್ಲ ಓದಿದೆ. ಕಾಲೇಜು ಮುಗಿಸಿ, ಪುಸ್ತಕ ಪ್ರಕಾಶನವೊಂದರಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದೆ. ಹನುಮಂತನಗರಕ್ಕೆ ಹೋಗಿ ಅವರನ್ನು ನೋಡಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಆದರೆ ನನಗೆ ಓದಲು ಬರುತ್ತಿರಲಿಲ್ಲವೆಂದು ಬಲ್ಲವರು ಅವರೊಬ್ಬರೇ ಎಂಬ ನಾಚಿಕೆ ಪ್ರತಿ ಸಲವೂ ತಡೆಯಿತು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ, ಆಫೀಸಿನಲ್ಲಿ ಯಾರೋ ಪೇಪರ್ ತೋರಿಸಿದರು. ಕಥೆ ಸಾರ್ ಹೋಗಿಬಿಟ್ಟಿದ್ದರು.

ಶ್ರದ್ಧಾಂಜಲಿ ಸಭೆ ಅವರ ಮನೆಯ ಹತ್ತಿರದ ಪುಟ್ಟ ಹಾಲಿನಲ್ಲಿತ್ತು. ಸಾರ್ ಕಥೆ ಕೇಳಿ ಬೆಳೆದವಳೆಂದಾಗ, ಬಾಗಿಲಲ್ಲಿದ್ದ ಅವರ ಮಗಳು ನನ್ನ ಶಾಲೆ, ಊರು ಯಾವುದೆಂದು ಕೇಳಿದರು. ಹೇಳಿದ ತಕ್ಷಣ ನನ್ನ ಕೈ ಹಿಡಿದುಕೊಂಡು, “ಆ ಗದಗದ ಹುಡುಗಿ ನೀವೇನಾ? ‘ನನ್ನ ಪುಸ್ತಕಾನ ಅವಳಷ್ಟು ಚೆನ್ನಾಗಿ ಯಾರೂ ಓದ್ಲಿಲ್ಲ’ ಅಂತ ಅಪ್ಪ ಕೊನೇವರೆಗೂ ಹೇಳ್ತಿದ್ರು. ನೀವು ಎರಡು ಮಾತು ಆಡ್ಲೇಬೇಕು” ಎಂದರು.

ನನ್ನ ಗುಟ್ಟನ್ನು ಅವರು ತಮ್ಮ ಮನೆಯವರಿಗೂ ಹೇಳಿರಲಿಲ್ಲ.

ನನ್ನ ಸರದಿ ಬಂದಾಗ ಎದ್ದು, ಅವರು ನಮ್ಮ ಶಾಲೆಗೆ ಬರುತ್ತಿದ್ದರು, ಬಹಳ ಒಳ್ಳೆಯವರು, ನನ್ನ ಓದನ್ನು ಮೆಚ್ಚಿಕೊಂಡಿದ್ದರು ಎಂದು ಹೇಳಿ ಕೂತೆ. ಜನ ತಲೆದೂಗಿದರು. ಕೂತ ಮೇಲೆ ಮುಖವೆಲ್ಲ ಬೆಂಕಿಯಾಯಿತು. ಆ ಹಾಲಿನಲ್ಲಿದ್ದವರ ಪಾಲಿಗೆ ನಾನು ಜಾಣ ಹುಡುಗಿ, ಅವರು ಜಾಣ ಹುಡುಗಿಯೊಬ್ಬಳನ್ನು ಹೊಗಳಿದ ಮುದುಕ. ನನ್ನ ಮಾನ ಉಳಿಸಿಕೊಳ್ಳಲು ಹೋಗಿ, ಅವರು ಮಾಡಿದ್ದನ್ನೆಲ್ಲ ಅಳಿಸಿಹಾಕಿದ್ದೆ. ಬೇರೊಬ್ಬರು ಮೈಕಿನತ್ತ ಹೋಗುತ್ತಿದ್ದರು. ನಾನು ಮತ್ತೆ ಎದ್ದೆ.

“ಕ್ಷಮಿಸಿ. ನಾನು ಹೇಳಿದ್ದು ಸರಿಯಿಲ್ಲ. ಆವತ್ತು ನನಗೆ ಓದೋಕೇ ಬರ್ತಿರಲಿಲ್ಲ.”

ಮುಂದಿನ ಸಾಲಿನಲ್ಲಿ ಸೆರಗು ಹೊದ್ದು ಕೂತಿದ್ದ ಅವರ ಹೆಂಡತಿ ನಿಧಾನವಾಗಿ ನನ್ನ ಕಡೆ ತಿರುಗಿದರು.

“ಕೂತ್ಕೋಬೇಡಮ್ಮ,” ಎಂದರು. “ಆಮೇಲೇನಾಯ್ತು, ಹೇಳು.”