ಅಕ್ಕನಿಗಾಗಿ ಮಧ್ಯಾಹ್ನದ ಓದು

ಪುಸ್ತಕಗಳಿಗೆ ರಟ್ಟು ಹಾಕುವುದು ತಂಗಿಯ ಕಸುಬು. ಮೇಲ್ಮಹಡಿಯ ಕೋಣೆಯಲ್ಲಿ ಮೇಜನ್ನು ಕಿಟಕಿಗೆ ಒತ್ತಿಸಿ ಹಾಕಿಕೊಂಡಿದ್ದಳು. ಹಾಳೆ ಹೊಲಿಯಲು ಅಲ್ಲಿನ ಬೆಳಕೇ ಬೇಕು. ಮಧ್ಯಾಹ್ನದ ಬಿಸಿಲು ಹಳೆಯ ಕಾಗದದ ಮೇಲೆ ಮೆಲ್ಲಗೆ ಸರಿಯುವಾಗ ಕೋಣೆಯೇ ನೀರಿನ ಮೇಲೆ ತೇಲುತ್ತಿದೆಯೇನೋ ಅನಿಸುತ್ತಿತ್ತು.

ಬೇರೆ ಊರಿನಲ್ಲಿದ್ದ ಅಕ್ಕನಿಗೆ ಪಾರ್ಶ್ವವಾಯು ಬಡಿದು ಮಾತು ನಿಂತುಹೋಗಿತ್ತು. ಬಾಯಿ ತೆರೆದರೆ ಬೀದಿಗೆಲ್ಲ ಕೇಳಿಸುತ್ತಿದ್ದವಳು ಈಗ ಕಣ್ಣಲ್ಲೇ ಹೂಂ, ಕಣ್ಣಲ್ಲೇ ಊಹೂಂ. ಏನು ಮಾತಾಡುವುದೆಂದು ತೋಚದೆ ತಂಗಿ ಲ್ಯಾಪ್‌ಟಾಪಿನಲ್ಲಿ ವಿಡಿಯೋ ಕರೆ ಮಾಡಿ, ರಟ್ಟಿಗೆ ಬಂದ ಪುಸ್ತಕಗಳನ್ನೇ ಓದಿ ಹೇಳತೊಡಗಿದಳು. ಆರಿಸಿಕೊಳ್ಳುವ ಮಾತೇ ಇಲ್ಲ, ಬಂದದ್ದೇ ಓದು. ಒಮ್ಮೆ ಕುದುರೆಗಳ ಕಾಯಿಲೆ, ಇನ್ನೊಮ್ಮೆ ಕಡಲ ಪ್ರಯಾಣ. ಕುದುರೆಯ ಅಜೀರ್ಣ ಬಂದಾಗ ಅಕ್ಕನ ತುಟಿಯ ಒಂದು ಮೂಲೆ ನಗುವಿಗೆ ಎದ್ದಿತ್ತು.

ಆದರೆ ಓದು ಕಾವೇರುವಷ್ಟರಲ್ಲಿ ಪರದೆಯ ಮೇಲೆ ಅಕ್ಕನ ಮುಖ ಅಲ್ಲಾಡದೆ ನಿಲ್ಲುತ್ತಿತ್ತು, ಆಮೇಲೆ ಕರೆಯೇ ಹೋಗಿಬಿಡುತ್ತಿತ್ತು. ಪಾಪ, ಬೇಸರ ಎನ್ನಲು ಮಾತಿಲ್ಲ, ಅದಕ್ಕೇ ಕರೆ ಕತ್ತರಿಸಿಬಿಡುತ್ತಾಳೆ ಎಂದುಕೊಂಡು ತಂಗಿ ಕರೆ ಮಾಡುವುದನ್ನೇ ಬಿಟ್ಟಳು.

ಒಂದು ಬೆಳಿಗ್ಗೆ ಭಾವ ಫೋನ್ ಮಾಡಿದರು.

"ಓದೋದು ಯಾಕಮ್ಮ ನಿಲ್ಸಿದೆ? ಮಧ್ಯಾಹ್ನ ಆದ್ರೆ ಇವಳು ಪರದೆ ಮುಂದೆ ಹೋಗಿ ಕೂತ್ಬಿಡ್ತಾಳೆ."

"ಅಕ್ಕನೇ ಕಟ್ ಮಾಡ್ತಾಳಲ್ಲ, ಭಾವ?"

"ಅವಳು ಮುಟ್ಟೋದೇ ಇಲ್ಲ. ನೀನೇ ಕಟ್ ಮಾಡ್ತೀಯ ಅಂತ ಮುಖ ಸಣ್ಣ ಮಾಡ್ಕೊಂಡಿದ್ದಾಳೆ."

ಫೋನ್ ಇಟ್ಟವಳೇ ತಂಗಿ ಲ್ಯಾಪ್‌ಟಾಪ್ ಎತ್ತಿಕೊಂಡು ಕೆಳಗಿನ ರಿಪೇರಿ ಅಂಗಡಿಗೆ ಓಡಿದಳು. ಅಲ್ಲಿ ಚಾರ್ಜರ್ ಚುಚ್ಚಿ ನೋಡಿದರೆ ಎಷ್ಟು ಹೊತ್ತಾದರೂ ಸಂಪರ್ಕ ತಪ್ಪಲಿಲ್ಲ. ಎಲ್ಲಿ ಕೂತು ಬಳಸುತ್ತೀರಿ ಎಂದು ಕೇಳಿ ಅಂಗಡಿಯಾಕೆ ಮೆಟ್ಟಿಲೇರಿ ಬಂದಳು. ಕಿಟಕಿಯ ಬಳಿ ಪ್ಲಗ್ ಇರಲಿಲ್ಲ. ಓದುವಾಗಲೆಲ್ಲ ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ನಡೆಯುತ್ತಿತ್ತು. ಆಕೆ ಸೆಟ್ಟಿಂಗ್ಸ್ ತೆರೆದು ತೋರಿಸಿದಳು: ಚಾರ್ಜರ್ ಇದ್ದಾಗ ವೈಫೈಗೆ ಪೂರ್ತಿ ಶಕ್ತಿ, ಇಲ್ಲದಾಗ ಗರಿಷ್ಠ ಉಳಿತಾಯ.

"ಬ್ಯಾಟರಿ ಉಳಿಸೋಕೆ ಅಂತ ವೈಫೈ ನಡುನಡುವೆ ತೂಕಡಿಸುತ್ತೆ. ನಿಮ್ಮ ರೂಟರ್ ಬೇರೆ ಹೊರಗಿನ ಬಾಗಿಲ ಹತ್ರ ಇದೆ. ಸಿಗ್ನಲ್ ಕಮ್ಮಿ ಇರೋ ಕಡೆ ಹೀಗೆ ತೂಕಡಿಸಿದ್ರೆ ಕರೆ ನಿಲ್ಲೋದು ಕಷ್ಟ."

ಬ್ಯಾಟರಿಯಲ್ಲಿದ್ದಾಗಲೂ ಪೂರ್ತಿ ಶಕ್ತಿ ಸಿಗುವಂತೆ ಬದಲಾಯಿಸಿ, ಚಾರ್ಜ್ ಬೇಗ ಖಾಲಿಯಾಗುತ್ತದೆ, ಮೊದಲೇ ತುಂಬಿಸಿಕೊಳ್ಳಿ ಎಂದು ಹೇಳಿ ಹೋದಳು.

ಅಂದು ಮಧ್ಯಾಹ್ನ ತಂಗಿ ಮೊದಲು ಅಕ್ಕನಿಗೆ ನಡೆದದ್ದೆಲ್ಲ ಹೇಳಿದಳು. ಅಕ್ಕನ ಕಣ್ಣು ತುಂಬಿತು, ತಂಗಿಯದೂ. ಆಮೇಲೆ ನಡುಗಡಲಿನಲ್ಲಿ ಬಿಟ್ಟಿದ್ದ ಹಡಗನ್ನು ಮತ್ತೆ ಎತ್ತಿಕೊಂಡಳು. ದ್ವೀಪಗಳು ಒಂದೊಂದಾಗಿ ಹಿಂದೆ ಸರಿದವು. ಬೆಳ್ಳನೆಯ ಹಕ್ಕಿಗಳು, ಹೆಸರಿಲ್ಲದ ದಡಗಳು. ಅಕ್ಕನ ಮುಖ ಈ ಸಲ ಎಲ್ಲಿಯೂ ನಿಲ್ಲಲಿಲ್ಲ. ಗಾಳಿಗೆ ಹಣೆಯ ಕೂದಲು ಹಾರುವುದೂ ಕಾಣುತ್ತಿತ್ತು. ಅಧ್ಯಾಯ ಮುಗಿದಾಗ ತಂಗಿ ನೀರು ಕುಡಿಯಲು ಲೋಟ ಎತ್ತಿದಳು.

"ಮುಂ... ದೆ," ಎಂದಳು ಅಕ್ಕ.

ತಂಗಿ ಲೋಟ ಹಾಗೆಯೇ ಕೆಳಗಿಟ್ಟು ಹಾಳೆ ತಿರುವಿದಳು. ಸಂಜೆ ಆ ಕಡಲ ಪ್ರಯಾಣದ ಪುಸ್ತಕ ಕೇಳಿಕೊಂಡು ಬಂದವರಿಗೆ, ರಟ್ಟು ಇನ್ನೂ ಒಣಗಿಲ್ಲ, ಮುಂದಿನ ವಾರ ಬನ್ನಿ ಎಂದು ಮುಖದಲ್ಲಿ ಒಂದು ಗೆರೆಯೂ ಕದಲದಂತೆ ಹೇಳಿ ಕಳಿಸಿದಳು.